ಟೈಪ್ ಮೇಷ್ಟ್ರ ಗೂಡು

ಟೈಪ್ ಮೇಷ್ಟ್ರು ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ಗಾಜು ಕರಗಿಸುವ ಕರೆಂಟಿನ ಪೆಟ್ಟಿಗೆಯೊಂದನ್ನು ತಂದು ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ಇಟ್ಟುಕೊಂಡದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೆ 'ಗೂಡು' ಎಂದು ಹೆಸರಿಟ್ಟರಲ್ಲ, ಅದೇ ಮುಂದಿನ ಅನಾಹುತಕ್ಕೆಲ್ಲ ಮೂಲವಾಯಿತು. ಅಂಗಡಿಯವನು ಅದನ್ನು ಕಿಲ್ನ್ ಎಂದಿದ್ದ. ಆ ಪದದ ಕೊನೆಯಲ್ಲಿ ಲಕಾರ ನಕಾರಗಳು ಒಂದರ ಮೇಲೊಂದು ಬೀಳುವುದು ಮೇಷ್ಟ್ರಿಗೆ ಹಿಡಿಸಲಿಲ್ಲ. ಟೈಪ್‌ರೈಟರಿನಲ್ಲಿ ಎರಡು ಅಕ್ಷರದ ಕಡ್ಡಿಗಳು ಒಟ್ಟಿಗೆ ಎದ್ದು ಸಿಕ್ಕಿಕೊಂಡ ಹಾಗಿದೆ ಎಂದರು. ಒಲೆ ಎಂದು ಕರೆದರೆ ಹೆಂಡತಿ ಅದರ ಮೇಲೆ ಹಾಲು ಇಟ್ಟಾರು. ಕುಲುಮೆ ಎಂದರೆ ಅದು ಕಬ್ಬಿಣದವರ ಸ್ವತ್ತು. ಇಟ್ಟಿಗೆ ಸುಡಲು ಗೂಡು, ಸುಣ್ಣ ಸುಡಲು ಗೂಡು ಇರುವಾಗ ಗಾಜೇನು ಪಾಪ ಮಾಡಿತ್ತು? ಅಪ್ಪಟ ಕನ್ನಡ ಪದ, ಎರಡೇ ಅಕ್ಷರ. ಆ ಪದಕ್ಕೆ ಲೋಕದಲ್ಲಿ ಬೇರೆ ಅರ್ಥಗಳೂ ಇವೆ ಎಂಬುದು ಮೂವತ್ತೊಂದು ವರ್ಷ ಕನ್ನಡ ಟೈಪಿಂಗ್ ಕಲಿಸಿದ ಮನುಷ್ಯನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಆ ಮೂವತ್ತೊಂದು ವರ್ಷಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ ಮೇಷ್ಟ್ರ ಟೈಪಿಂಗ್ ಶಾಲೆ ಇತ್ತು. ಹದಿನಾಲ್ಕು ಯಂತ್ರಗಳು, ಹದಿನಾಲ್ಕು ಮರದ ಸ್ಟೂಲುಗಳು, ಕಾರ್ಬನ್ ಕಾಗದದ ವಾಸನೆ. ಬೆಳಗ್ಗೆ ಏಳಕ್ಕೆ ಶುರುವಾಗುವ ಆ ಟಕಟಕ ಸದ್ದು ಕೇಳಿದರೆ ಕೆಳಗಿನ ಹೋಟೆಲಿನವನು ಗಡಿಯಾರ ನೋಡುತ್ತಿರಲಿಲ್ಲ. ಸಾಲಿನ ಕೊನೆಗೆ ಹದಿನಾಲ್ಕು ಗಂಟೆಗಳು ಹಿಂದುಮುಂದಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಕೀಲಿ ನೋಡಿ ಒತ್ತುವುದು ಅಲ್ಲಿ ಮಹಾಪರಾಧ. ಯಾರಾದರೂ ತಲೆ ತಗ್ಗಿಸಿದರೆ ಮೇಷ್ಟ್ರು ಅವರ ಬೆರಳುಗಳ ಮೇಲೆ ಕರವಸ್ತ್ರ ಹೊದಿಸಿಬಿಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಒಬ್ಬೊಬ್ಬರೇ ಬಿಟ್ಟರು, ಕೊನೆಗೆ ಒಂದು ದಿನ ಹದಿನಾಲ್ಕು ಯಂತ್ರಗಳೂ ಗಾಡಿ ಹತ್ತಿ ಹೋದವು. ಅಂದಿನಿಂದ ಮೇಷ್ಟ್ರ ಹತ್ತು ಬೆರಳುಗಳಿಗೂ ಕೆಲಸವಿರಲಿಲ್ಲ. ಊಟದ ಮೇಜಿನ ಮೇಲೆ ಅವು ತಮ್ಮಷ್ಟಕ್ಕೆ ತಾವೇ ಏನೋ ಒತ್ತುತ್ತಿದ್ದವು.

ಆದರೆ ಗೂಡು ತಂದದ್ದು ಬೆರಳಿನ ತುರಿಕೆಗಲ್ಲ, ಅಕ್ಕನಿಗಾಗಿ.

ಅವರು ಚಿಕ್ಕವರಾಗಿದ್ದಾಗ ಇದ್ದ ಮನೆಯ ಮುಂಬಾಗಿಲಿಗೆ ಜೇನುಬಣ್ಣದ ಒಂದು ಗಾಜಿತ್ತು. ಅಂಗೈ ಎರಡು ಸೇರಿಸಿದಷ್ಟು ಅಗಲ. ಅದರ ಮೂಲಕ ನೋಡಿದರೆ ಬೀದಿಯಲ್ಲಿ ಯಾವಾಗಲೂ ಸಂಜೆ. ಮಟಮಟ ಮಧ್ಯಾಹ್ನ ಹೋಗುವವರೂ ಕೆಲಸ ಮುಗಿಸಿ ಮನೆಗೆ ಹೊರಟವರಂತೆ ಕಾಣುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಒಂದೇ ಸ್ಟೂಲಿನ ಮೇಲೆ ನಿಂತು ಸರದಿಯ ಮೇಲೆ ಅದಕ್ಕೆ ಕಣ್ಣು ಹಚ್ಚುತ್ತಿದ್ದರು. ಎಂಟು ವರ್ಷದ ತಮ್ಮ ಒಂದು ದಿನ ಶಾಲೆಯ ಚೀಲವನ್ನು ಗಿರಗಿರ ತಿರುಗಿಸುತ್ತ ಬಂದ, ಚೀಲ ಹೋಗಿ ಗಾಜಿಗೆ ಬಡಿಯಿತು, ಗಾಜು ಮೂರು ಚೂರಾಯಿತು. ತಮ್ಮ ಹಿತ್ತಲಿಗೆ ಓಟ ಕಿತ್ತ. ಅಪ್ಪ ಬರುವ ಹೊತ್ತಿಗೆ ಚೂರುಗಳನ್ನು ಗುಡಿಸುತ್ತಿದ್ದವಳು ಹನ್ನೊಂದು ವರ್ಷದ ಅಕ್ಕ. ಅಪ್ಪನಿಗೆ ಅಷ್ಟೇ ಸಾಕ್ಷಿ ಸಾಕಾಯಿತು. ಆ ವಾರ ಶಾಲೆಯಿಂದ ಸಮುದ್ರ ನೋಡಲು ಬಸ್ಸು ಹೊರಟಿತ್ತು, ಅಕ್ಕನನ್ನು ಕಳಿಸಲಿಲ್ಲ. ತಮ್ಮ ಹೋದ.

ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ, ಅವಳು ಆ ಮಾತು ಎತ್ತಲಿಲ್ಲ. ತಮ್ಮನೂ ಎತ್ತಲಿಲ್ಲ. ಅಮ್ಮ ಮೂರು ಚೂರುಗಳನ್ನು ಹಳೆಯ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಆ ಗಂಟು ನಾಲ್ಕು ಮನೆ ಬದಲಾಯಿಸಿ ಮೇಷ್ಟ್ರ ಕಪಾಟಿಗೆ ಬಂದು ಕೂತಿತ್ತು. ಕಪಾಟು ತೆರೆದಾಗಲೆಲ್ಲ ಮೇಷ್ಟ್ರು ಅದನ್ನು ಬಟ್ಟೆಗಳ ಹಿಂದಕ್ಕೆ ತಳ್ಳುತ್ತಿದ್ದರು. ಈಗ ಅಕ್ಕ ಬರುವ ತಿಂಗಳ ಒಂದು ಭಾನುವಾರ ಸಂಜೆಯ ರೈಲಿಗೆ ಬರುವವಳಿದ್ದಳು. ಅಷ್ಟರೊಳಗೆ ಆ ಗಾಜನ್ನು ಮತ್ತೆ ಒಂದು ಮಾಡಬೇಕು, ಅವಳ ಕೈಗಿಡಬೇಕು, ಒಡೆದವನು ನಾನೇ ಎಂದು ಬಾಯಿಬಿಟ್ಟು ಹೇಳಬೇಕು. ಬರಿಗೈಯಲ್ಲಿ ಹೇಳುವ ಧೈರ್ಯ ಅವರಿಗೆ ಐವತ್ತನಾಲ್ಕು ವರ್ಷದಲ್ಲಿ ಬಂದಿರಲಿಲ್ಲ.

ಗೂಡು ಮೊದಲ ದಿನದಿಂದಲೇ ಸತಾಯಿಸಿತು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ 'ಕಿಲ್ನ್ ವಾಶ್' ಇಲ್ಲದೆ ಗಾಜು ಇಡಬೇಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಅದು ಗಾಜು ತಳಕ್ಕೆ ಅಂಟದಿರಲಿ ಎಂದು ಹಲಗೆಗೆ ಬಳಿಯುವ ಬಿಳಿ ಪುಡಿಯ ಹೆಸರು. ಮೇಷ್ಟ್ರು ಅದನ್ನು ಗೂಡು ತೊಳೆಯುವುದು ಎಂದು ಅರ್ಥ ಮಾಡಿಕೊಂಡು, ಬಕೆಟ್ಟು ಬ್ರಷ್ಷು ಹಿಡಿದು, ಸೋಪು ಹಾಕಿ ಒಳಗೆಲ್ಲ ತಿಕ್ಕಿ ತೊಳೆದರು. ಒಳಗಿನ ಇಟ್ಟಿಗೆ ಎರಡು ಬಕೆಟ್ ನೀರು ಕುಡಿಯಿತು. ಒಣಗಲು ಹತ್ತು ದಿನ ಹಿಡಿಯಿತು.

ಆಮೇಲೆ ಗುಂಡಿಗಳ ಸಮಸ್ಯೆ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಅಂಕಿ ಒತ್ತಲು ಗೂಡಿನ ಪಕ್ಕದಲ್ಲಿ ಗುಂಡಿಗಳಿದ್ದವು. ಮೇಷ್ಟ್ರು ಎದೆಯುಬ್ಬಿಸಿ ನಿಂತು, ಗೋಡೆಯನ್ನೇ ದಿಟ್ಟಿಸುತ್ತ, ಬೆರಳಿನ ಅಂದಾಜಿನ ಮೇಲೆ ಏಳುನೂರ ಎಂಬತ್ತು ಒತ್ತಿದರು. ಲೆಕ್ಕದ ಯಂತ್ರದಲ್ಲಿ ಏಳು ಎಂಟು ಒಂಬತ್ತು ಮೇಲಿನ ಸಾಲಿನಲ್ಲಿರುತ್ತವೆ. ಇದರಲ್ಲಿ ಮೇಲಿದ್ದದ್ದು ಒಂದು ಎರಡು ಮೂರು. ಹೀಗಾಗಿ ಏಳುನೂರ ಎಂಬತ್ತು ಹೋಗಿ ನೂರ ಇಪ್ಪತ್ತಾಯಿತು. ಗಾಜು ಕರಗಲಿಲ್ಲ, ಬಿಸಿನೀರಿನ ಸ್ನಾನ ಮಾಡಿಕೊಂಡು ಬಂದ ಹಾಗೆ ಹೊರಗೆ ಬಂತು. ಮೂರು ಸಲ ಹೀಗಾದ ಮೇಲೆ ಮೇಷ್ಟ್ರು ಗಾಜಿನ ಅಂಗಡಿಯವನನ್ನು ಕರೆಸಿ ಗೂಡು ಕೆಟ್ಟಿದೆ ಎಂದು ಕೂಗಾಡಿದರು.

ಅಂಗಡಿಯವನು ಒಂದು ನಿಮಿಷ ನಿಂತು ನೋಡಿದ. "ಸಾರ್, ಗೋಡೆ ಯಾಕೆ ನೋಡ್ತಿದೀರಾ? ಗುಂಡಿ ನೋಡಿ ಒತ್ತಿ."

ಮೇಷ್ಟ್ರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಶಿಷ್ಯರ ಕೈಮೇಲೆ ಹೊದಿಸಿದ್ದ ಕರವಸ್ತ್ರಗಳೆಲ್ಲ ಬಂದು ತಮ್ಮ ಮುಖಕ್ಕೆ ಬಡಿದ ಹಾಗಾಗಿತ್ತು. ಆದರೂ ಅಕ್ಕನಿಗಾಗಿ ತಲೆ ತಗ್ಗಿಸಿದರು, ಗುಂಡಿ ನೋಡಿಯೇ ಒತ್ತಿದರು. ಹಳೆಯ ಬಾಟಲಿ ಚೂರು, ಕಿಟಕಿ ಗಾಜಿನ ತುಂಡುಗಳ ಮೇಲೆ ಕೈ ಪಳಗಿಸಿಕೊಂಡರು. ಒಮ್ಮೆ ಗಾಜಿನ ಮಧ್ಯೆ ಗಾಳಿ ಸಿಕ್ಕಿ ಬೋಂಡಾದ ಹಾಗೆ ಉಬ್ಬಿತು. ಒಮ್ಮೆ ಬಟ್ಟಲು ಮಾಡಲು ಹೋಗಿ ತಟ್ಟೆಯಾಯಿತು. ಹೆಂಡತಿ ಬೇಸರವಿಲ್ಲದೆ ಅದರ ಮೇಲೆ ಸೋಪು ಇಟ್ಟುಕೊಂಡರು.

ಈಗ ಪಕ್ಕದ ಮನೆಯ ಟೈಲರ್ ಕಥೆಗೆ ಬರಬೇಕು. ಅವನ ಹೊಲಿಗೆ ಯಂತ್ರ ಮೇಷ್ಟ್ರ ಹಿಂದಿನ ಕೋಣೆಯ ಕಿಟಕಿಗೆ ನೇರವಾಗಿತ್ತು. ಒಳ್ಳೆಯ ಮನುಷ್ಯ, ಕಸುಬಿನಲ್ಲಿ ನಿಪುಣ. ಚೂರುಪಾರು ಬಟ್ಟೆ ಕೊಟ್ಟರೂ ಸೇರಿಸಿ ಪೂರ್ತಿ ಅಂಗಿ ಹೊಲಿಯಬಲ್ಲ. ಕಷ್ಟವೇನೆಂದರೆ ಮಾತಿನ ಚೂರು ಸಿಕ್ಕಿದರೂ ಹಾಗೆಯೇ ಮಾಡುತ್ತಿದ್ದ.

ಬುಧವಾರ ಮಧ್ಯಾಹ್ನ ಮೇಷ್ಟ್ರು ಗಾಜಿನ ಅಂಗಡಿಯವನಿಗೆ ಫೋನ್ ಮಾಡಿದರು. ಜೇನುಬಣ್ಣದ ಹಳೆಯ ಚೂರುಗಳ ಕೆಳಗೆ ಹೊಸ ಗಾಜೊಂದನ್ನು ಕೊಟ್ಟು ಎರಡನ್ನೂ ಸೇರಿಸಿ ಕರಗಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಕೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಮೇಲಿಟ್ಟಿದ್ದರು. ಆಚೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು.

"ಹಳೇದನ್ನ ಬಿಡೋಕೆ ಮನಸ್ಸಿಲ್ಲಪ್ಪ," ಎಂದರು ಮೇಷ್ಟ್ರು.

"ಬಿಡಿ ಅಂತ ನಾನೂ ಹೇಳ್ತಿಲ್ಲ ಸಾರ್. ಹಳೇದು ಹೊಸದು ಎರಡನ್ನೂ ಒಂದೇ ಗೂಡಲ್ಲಿ ಕೂಡಿಹಾಕ್ಬೇಡಿ ಅಷ್ಟೆ. ಒಗ್ಗಲ್ಲ."

"ಹೊಂದಿಕೊಂಡು ಹೋಗಲ್ವಾ?"

"ಬಿಸಿ ಇರೋತನಕ ಹೊಂದಿಕೊಂಡ ಹಾಗೇ ಕಾಣುತ್ತೆ. ತಣ್ಣಗಾಗ್ತಾ ಶುರುವಾಗುತ್ತೆ ನೋಡಿ. ಇದು ಈ ಕಡೆ ಎಳೆಯುತ್ತೆ, ಅದು ಆ ಕಡೆ. ಕೊನೆಗೆ ಎರಡೂ ಹಾಳು."

"ಹೊಸದು ನೋಡೋಕೆ ಬಹಳ ಚೆನ್ನಾಗಿದೆ ಕಣಯ್ಯ. ಬಣ್ಣ ಏನು, ನುಣುಪು ಏನು!"

"ಚೆನ್ನಾಗಿದ್ರೆ ಬೇರೆ ಇಟ್ಕೊಳ್ಳಿ."

"ಭಾನುವಾರ ನಮ್ಮಕ್ಕ ಬರ್ತಾಳೆ. ಅಷ್ಟರಲ್ಲಿ ಇದು ಇತ್ಯರ್ಥ ಆಗ್ಬೇಕು."

ಟೈಲರ್ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ಹತ್ತು ನಿಮಿಷ ಅಲ್ಲಾಡದೆ ಕೂತ. ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ವ್ಯಾಕರಣದಿಂದ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನು ಯಾರಾದರೂ 'ಹಳೇದು' ಎನ್ನುತ್ತಾರೆಯೇ? ಹೊಸಬಳನ್ನೂ 'ಅವಳು' ಎನ್ನದೆ 'ಹೊಸದು' ಎನ್ನುವುದೆಂದರೆ ಆ ಮನುಷ್ಯನ ಎದೆ ಕಲ್ಲೇ ಇರಬೇಕು. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ನೇರ ಮೇಷ್ಟ್ರ ಹೆಂಡತಿಯ ಬಳಿ ಹೋದ. ಅವರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಅಮ್ಮಾ, ಹಿಂದಿನ ಕೋಣೆ ವಿಷಯ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನಪ್ಪ? ಒಂದೇ ಮನೇಲಿದ್ದು."

"ಹೇಗಮ್ಮ ಸಹಿಸ್ತೀರಿ?"

"ಮೊದಮೊದ್ಲು ಸಿಟ್ಟು ಬರ್ತಿತ್ತು. ಈಗ ಅಭ್ಯಾಸ ಆಗಿದೆ. ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಹೋಗಿ ಇಣುಕಿ ನೋಡ್ತಾರೆ. ಊಟದ ಮಧ್ಯೆ ಎದ್ದು ಹೋಗ್ತಾರೆ. ಸದ್ಯ, ನನ್ನ ತಂಟೆಗೆ ಬರಲ್ವಲ್ಲ."

ಟೈಲರ್ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. "ನೀವು ಒಪ್ಪಿದ್ರಾ ಅಮ್ಮ ಇದಕ್ಕೆ?"

"ಒಪ್ಪೋದೇನು ಬಂತು, ಜೊತೆಗೆ ಹೋಗಿ ಆರಿಸಿದ್ದೇ ನಾನು. ಅವರು ದೊಡ್ಡದರ ಮೇಲೆ ಕಣ್ಣು ಹಾಕಿದ್ರು. ನಮ್ಮ ವಯಸ್ಸಿಗೆ ಚಿಕ್ಕದೇ ಸಾಕು, ನಡೀರಿ ಅಂದೆ."

ಟೈಲರ್ ಅಲ್ಲೇ ಎರಡೂ ಕೈ ಜೋಡಿಸಿ ಆ ಮಹಾತಾಯಿಗೆ ನಮಸ್ಕಾರ ಮಾಡಿದ. ಅವರು, ಹೊಲಿಯಲು ಕೊಟ್ಟ ಬಟ್ಟೆ ಇವನು ಕೆಡಿಸಿರಬೇಕು ಎಂದುಕೊಂಡು ಒಳಗೆ ಹೋದರು.

ಅಲ್ಲಿಂದ ಅವನು ಬಡಾವಣೆಯ ಸಂಘದ ಕಾರ್ಯದರ್ಶಿಗಳ ಮನೆಗೆ ಹೋದ. ಕಾರ್ಯದರ್ಶಿಗಳು ನಿಯಮಾವಳಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಜನ. ಮೇಷ್ಟ್ರು ಮನೆಯೊಳಗೆ ಗೂಡು ಇಟ್ಟಿದ್ದಾರೆ ಎಂದು ಕೇಳಿದ್ದೇ ತಡ, ಕನ್ನಡಕ ಏರಿಸಿದರು. "ಪಾರಿವಾಳವೋ, ಕೋಳಿಯೋ? ನಿಯಮ ಹನ್ನೊಂದರ ಪ್ರಕಾರ ಅನುಮತಿ ಇಲ್ಲದೆ ಹಕ್ಕಿ ಸಾಕೋ ಹಾಗಿಲ್ಲ."

"ಸಾರ್, ಈ ಹಕ್ಕಿ ಬಳೆ ತೊಡೋದು," ಎಂದ ಟೈಲರ್.

ಕಾರ್ಯದರ್ಶಿಗಳು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಅಂಥ ಹಕ್ಕಿಗೆ ನಿಯಮವೇ ಇರಲಿಲ್ಲ. ನಿಯಮವಿಲ್ಲದ ಅಪರಾಧ ಕಂಡರೆ ಅವರಿಗೆ ನಿದ್ದೆ ಬಾರದು. ಮೇಷ್ಟ್ರ ಹೆಂಡತಿಯ ಅಣ್ಣನಿಗೆ, ಅಂದರೆ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದ ಭಾವನಿಗೆ, ಅವರೇ ಫೋನು ಹಚ್ಚಿದರು. ಭಾವ ಜೀವಮಾನವಿಡೀ ಅಪಘಾತದ ಸುದ್ದಿಯನ್ನು ಮುಂದಿನ ನಿಲ್ದಾಣಕ್ಕೆ ತಕ್ಷಣ ಮುಟ್ಟಿಸಿ ಪಳಗಿದವರು. ಐದು ನಿಮಿಷದೊಳಗೆ ಅಕ್ಕನಿಗೆ ಫೋನು ಹೋಯಿತು. "ಅಕ್ಕನೋರೇ, ನಿಮ್ಮ ತಮ್ಮ ಎಲ್ಲಾ ಒಡೆದು ಕೂತಿದಾನೆ. ಸಂಜೆ ಗಾಡಿಗೆ ಬೇಡ, ಬೆಳಗಿನ ಗಾಡಿಗೇ ಬನ್ನಿ."

ಮೇಷ್ಟ್ರಿಗೆ ಇದಾವುದರ ಸುಳಿವೂ ಇರಲಿಲ್ಲ. ಅಂಗಡಿಯವನ ಮಾತು ಕೇಳಿ ಹೊಸ ಗಾಜಿನ ಆಸೆ ಬಿಟ್ಟಿದ್ದರು. ಮೂರೂ ಚೂರುಗಳು ಒಂದೇ ಗಾಜಿನವು, ಒಂದೇ ತಾಯಿಯ ಮಕ್ಕಳು. ಅವಕ್ಕೆ ಅವೇ ಒಗ್ಗಬೇಕು. ಶನಿವಾರ ಬೆಳಗ್ಗೆ ಚೂರುಗಳನ್ನು ತೊಳೆದು, ಒರೆಸಿ, ಬಿಳಿ ಪುಡಿ ಬಳಿದ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟರು. ಗುಂಡಿಗಳನ್ನು ಎರಡೆರಡು ಸಲ ನೋಡಿ ಒತ್ತಿದರು. ಗಾಜು ಕರಗಿ ಒಂದಾಗುವುದು ಬೇಗ ಆಗುತ್ತದೆ. ಹದವಾಗಿ ತಣಿಯುವುದು ಮಾತ್ರ ನಿಧಾನ. ಭಾನುವಾರ ಸಂಜೆಯವರೆಗೂ ಮುಚ್ಚಳ ಎತ್ತುವಂತಿರಲಿಲ್ಲ. ಎತ್ತಿದರೆ ತಂಪು ಗಾಳಿ ತಗಲಿ ಅಷ್ಟೂ ಕೆಲಸ ಮಣ್ಣುಪಾಲು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಗೂಡಿನ ಅಂಕಿ ಮುನ್ನೂರ ಹತ್ತು ತೋರಿಸುತ್ತಿತ್ತು. ಮೇಷ್ಟ್ರು ಹಾಡು ಗುನುಗುತ್ತ ಹೊರಗೆ ಬಂದರೆ ಪಡಸಾಲೆಯಲ್ಲಿ ನ್ಯಾಯಸ್ಥಾನವೇ ಕೂತಿತ್ತು. ಭಾವ ನಡುವಿನ ಕುರ್ಚಿಯಲ್ಲಿ. ಕಾರ್ಯದರ್ಶಿಗಳು ನಡಾವಳಿ ಪುಸ್ತಕ ಬಿಚ್ಚಿಕೊಂಡು ಪಕ್ಕದಲ್ಲಿ. ಟೈಲರ್ ಸಾಕ್ಷಿಯಾಗಿ ಬಾಗಿಲಲ್ಲಿ. ಎಲ್ಲರಿಗಿಂತ ಆಚೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅಕ್ಕ. ಹೆಂಡತಿ ಎಲ್ಲರಿಗೂ ಕಾಫಿ ಕೊಡುತ್ತ, ಇವರೆಲ್ಲ ಒಟ್ಟಿಗೆ ಯಾಕೆ ಬಂದರೆಂದು ಒಬ್ಬೊಬ್ಬರ ಮುಖ ನೋಡುತ್ತಿದ್ದರು.

"ಹಿಂದಿನ ಕೋಣೇಲಿ ಏನು ನಡೀತಿದೆ?" ಎಂದು ಭಾವ ಗುಡುಗಿದರು.

ಮೇಷ್ಟ್ರ ಮುಖ ಬಾಡಿತು. ಇಷ್ಟು ಗುಟ್ಟಾಗಿ ಇಟ್ಟದ್ದು ಅಕ್ಕನ ಮುಂದೆಯೇ ಬಯಲಾಯಿತಲ್ಲ! "ಯಾರು ಹೇಳಿದ್ರು ನಿಮಗೆ?"

"ಊರಿಗೆಲ್ಲ ಗೊತ್ತು."

"ಛೆ. ಸಂಜೆ ನಾನೇ ಅಕ್ಕನ ಮುಂದೆ ತಂದು ನಿಲ್ಲಿಸ್ಬೇಕು ಅಂತಿದ್ದೆ."

"ತಂದು ನಿಲ್ಲಿಸ್ತಾನಂತೆ!" ಭಾವ ಕುರ್ಚಿಯಿಂದ ಅರ್ಧ ಎದ್ದರು. "ಈಗ್ಲೇ ತೆಗಿ ಬಾಗ್ಲು."

"ಈಗ ತೆಗೆಯೋ ಹಾಗಿಲ್ಲ ಭಾವ. ಇನ್ನೂ ಬಿಸಿ ಇದೆ. ನಿನ್ನೆ ಬೆಳಗ್ಗೆ ಒಳಗೆ ಇಟ್ಟದ್ದು."

"ನಿನ್ನೆಯಿಂದ? ಅನ್ನ ನೀರು ಇಲ್ದೆ?" ಟೈಲರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಮೇಷ್ಟ್ರಿಗೆ ಆ ಪ್ರಶ್ನೆ ಕಿವಿಗೆ ಬೀಳಲಿಲ್ಲ. ಅಕ್ಕ ತಮ್ಮನ್ನೇ ನೋಡುತ್ತಿದ್ದಳು. ಇನ್ನು ಸಂಜೆಯವರೆಗೆ ಕಾಯುವುದರಲ್ಲಿ ಅರ್ಥವಿಲ್ಲ ಎನಿಸಿತು. ಅಕ್ಕನ ಕಡೆ ತಿರುಗಿದರು. "ತಪ್ಪು ನಂದೇ. ಒಡೆದವನು ನಾನೇ. ಐವತ್ನಾಲ್ಕು ವರ್ಷದಿಂದ ಮುಚ್ಚಿಟ್ಟಿದೀನಿ."

ಕಾರ್ಯದರ್ಶಿಗಳ ಪೆನ್ನು ಸರಸರ ಓಡಿ, ಗಕ್ಕನೆ ನಿಂತಿತು. ಬೆರಳು ಮಡಿಸಿ ಎಣಿಸಿದರು. "ಐವತ್ನಾಲ್ಕೇ? ಹಾಗಾದ್ರೆ ಇದು ಶುರುವಾದಾಗ ನಿಮಗೆ ವಯಸ್ಸು ಎಷ್ಟಾಗಿತ್ತು?"

"ಎಂಟು."

ಪಡಸಾಲೆಯಲ್ಲಿ ಯಾರೂ ಕಾಫಿ ಹೀರಲಿಲ್ಲ. ಎಂಟನೆಯ ವಯಸ್ಸಿಗೇ ಇಂಥದಕ್ಕೆ ಕೈ ಹಾಕಿದವನನ್ನು ಏನು ಮಾಡುವುದೆಂದು ಯಾವ ನಿಯಮಾವಳಿಯೂ ಹೇಳುವುದಿಲ್ಲ. ಭಾವನಿಗೆ ಮಾತ್ರ ತಾಳ್ಮೆ ತಪ್ಪಿತು. ಅವರು ಧಡಧಡ ಹಿಂದಿನ ಕೋಣೆಗೆ ನುಗ್ಗಿದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಎಲ್ಲರೂ. ಒಳಗೆ ಯಾರೂ ಇರಲಿಲ್ಲ. ಒಂದು ಮೇಜು, ಅದರ ಮೇಲೊಂದು ಪೆಟ್ಟಿಗೆ. ಭಾವ ಮಂಚದ ಕೆಳಗೆ ನೋಡೋಣವೆಂದರೆ ಮಂಚವೇ ಇರಲಿಲ್ಲ.

"ಎಲ್ಲಿ ಅವಳು? ಎಲ್ಲಿ ಗೂಡು?"

"ಇದೇ ಗೂಡು," ಎಂದು ಮೇಷ್ಟ್ರು ಪೆಟ್ಟಿಗೆ ತೋರಿಸಿದರು. "ಯಾವ ಅವಳು?"

"ಇದರೊಳಗೆ ಏನಿದೆ ನೋಡೇಬಿಡೋಣ," ಎಂದು ಭಾವ, ಮೇಷ್ಟ್ರು ಬೇಡ ಬೇಡ ಎನ್ನುತ್ತಿರುವಾಗಲೇ, ಮೇಜಿನ ಮೇಲಿದ್ದ ದಪ್ಪ ಕೈಗವಸು ಹಿಡಿದು ಮುಚ್ಚಳವನ್ನು ಪೂರ್ತಿ ಎತ್ತಿಬಿಟ್ಟರು. ಬಿಸಿಗಾಳಿ ಬುಸ್ಸೆಂದು ಅವರ ಮೀಸೆಗೆ ಹೊಡೆಯಿತು. ಒಳಗೆ, ಬಿಳಿ ಹಲಗೆಯ ಮೇಲೆ, ಜೇನುಬಣ್ಣದ ಗಾಜು ಇಡಿಯಾಗಿ ಮಲಗಿತ್ತು. ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ. ಮೇಷ್ಟ್ರು ಅದನ್ನು ಕಣ್ತುಂಬ ನೋಡಿದ್ದು ಮೂರು ಕ್ಷಣ ಇರಬೇಕು. ಆಮೇಲೆ ಟಿಣ್ ಎಂದಿತು. ಮತ್ತೊಮ್ಮೆ ಟಿಣ್ ಎಂದಿತು. ಗಾಜು ಐದು ಚೂರಾಯಿತು.

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆಮೇಲೆ ಒಂದರ್ಧ ಗಂಟೆ ವಿಚಾರಣೆ ನಡೆದು, ಯಾರು ಯಾರಿಗೆ ಏನು ಹೇಳಿದರು ಎಂಬುದೆಲ್ಲ ಹಿಂದಿನಿಂದ ಮುಂದಕ್ಕೆ ಬಿಚ್ಚಿಕೊಂಡಿತು. ಮೇಷ್ಟ್ರ ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದರು. "ಅಯ್ಯೋ ಅಣ್ಣ, ಇವರು ಎರಡು ಸಂಸಾರ ಮಾಡ್ತಾರಾ? ಎರಡು ಚಪ್ಪಲಿ ಜೋಡಿ ಮಾಡಿ ಬಿಡೋಕೆ ಬರಲ್ಲ ಇವರಿಗೆ." ಟೈಲರ್ ಟೇಪನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ. ಭಾವ ಮೀಸೆ ಸವರಿಕೊಳ್ಳುತ್ತ, ಸಿಗ್ನಲ್ ತಪ್ಪು ಕೊಟ್ಟವನು ತಾನಲ್ಲ, ಹಿಂದಿನ ಸ್ಟೇಷನ್ನಿನವನು ಎಂದು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ಬರೆದದ್ದನ್ನೆಲ್ಲ ಗೀಚಿ ಹಾಕಿದರು.

ಅಕ್ಕ ಮಾತ್ರ ನಗಲಿಲ್ಲ. ಬಂದು ತಮ್ಮನ ಪಕ್ಕ ನೆಲದ ಮೇಲೆ ಕೂತಳು. ಮಂಡಿ ನೋವಿನವಳು, ಕೂರಲು ಒಂದು ನಿಮಿಷ ಹಿಡಿಯಿತು.

"ನಿನಗೆ ಗೊತ್ತಿತ್ತಾ ಅಕ್ಕ, ಒಡೆದದ್ದು ನಾನು ಅಂತ?"

"ಗೊತ್ತಿಲ್ದೆ ಏನೋ? ಕಿಟಕೀಲಿ ನಿಂತು ನೋಡ್ತಾ ಇದ್ದೆ. ನಿನ್ನ ಚೀಲ ತಿರುಗೋದು ಕಂಡಿತ್ತು."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಬಸ್ಸು ಹತ್ತಿದ್ರೆ ನನಗೆ ವಾಂತಿ ಬರ್ತಿತ್ತು ಕಣೋ. ಕ್ಲಾಸಿನವರೆಲ್ಲರ ಮುಂದೆ ಮರ್ಯಾದೆ ಹೋಗುತ್ತಲ್ಲ ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದ್ದೆ, ಹೇಗೆ ತಪ್ಪಿಸ್ಕೊಳ್ಳೋದು ಅಂತ. ನೀನು ನನಗೋಸ್ಕರನೇ ಒಡೆದ ಹಾಗಾಯ್ತು."

ಐವತ್ತನಾಲ್ಕು ವರ್ಷ ಹೊಟ್ಟೆಯೊಳಗೆ ಕಾಪಾಡಿಕೊಂಡು ಬಂದ ಪಾಪವನ್ನು ಯಾರೋ ಇದ್ದಕ್ಕಿದ್ದಂತೆ ಇದು ನಿಮ್ಮದಲ್ಲ ಎಂದು ಕಿತ್ತುಕೊಂಡ ಹಾಗಿತ್ತು. ಮೇಷ್ಟ್ರಿಗೆ ನಿಜಕ್ಕೂ ಸಿಟ್ಟು ಬಂತು. "ಒಂದು ಮಾತು ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನೀನು ಕೇಳಿದ್ಯಾ?" ಎಂದಳು ಅಕ್ಕ. ಮಂಡಿ ನೀವಿಕೊಂಡಳು. "ಗಾಜು ಒಡೆದದ್ದಕ್ಕೆ ನನಗೇನೂ ಬೇಜಾರಿರಲಿಲ್ಲ. ಬೇಜಾರಾದದ್ದು ಬೇರೆ. ಆ ದಿನ ಸಂಜೆ ಬಾಗ್ಲಲ್ಲೇ ಕೂತಿದ್ದೆ, ನೀನು ಬಂದು ಸಮುದ್ರ ಹೇಗಿತ್ತು ಅಂತ ಹೇಳ್ತೀಯ ಅಂತ. ನೀನು ಬಂದೆ, ಸೀದಾ ಒಳಗೆ ಹೋಗಿ ಹೊದ್ದುಕೊಂಡು ಮಲಗಿದೆ. ಮಾರನೇ ದಿನಾನೂ ಹೇಳಲಿಲ್ಲ. ಒಂದು ವಾರ ನನ್ನ ಜೊತೆ ಮಾತೇ ಆಡಲಿಲ್ಲ. ಇವನಿಗೆ ಸಮುದ್ರ ನೋಡಿ ಜಂಬ ಬಂದಿದೆ, ನಾನು ಬೇಡವಾದೆ ಅಂದ್ಕೊಂಡೆ."



"ನಾನು ಸಮುದ್ರ ನೋಡಲಿಲ್ಲ ಅಕ್ಕ."

"ಏನು?"

"ಬಸ್ಸಿಂದ ಇಳೀಲೇ ಇಲ್ಲ. ಎಲ್ಲರೂ ಓಡಿಹೋದ್ರು. ನೀನು ಮನೇಲಿ ಒಬ್ಬಳೇ ಇರೋವಾಗ ನಾನು ಹೇಗೆ ಹೋಗಿ ನೋಡೋದು ಅಂತ ಸೀಟಿನ ಕೆಳಗೆ ಬಗ್ಗಿ ಕೂತಿದ್ದೆ. ಅಳ್ತಿದ್ದೆ. ಬಂದು ನಿನಗೆ ಏನಂತ ಹೇಳ್ಲಿ?"

ಅಕ್ಕ ತಮ್ಮನ ಮುಖವನ್ನೇ ನೋಡಿದಳು. ಅರವತ್ತೆರಡರ ನೆರೆತ ತಲೆ, ಮೂಗಿನ ತುದಿಗೆ ಬಿಳಿ ಪುಡಿ. ಮೊದಲು ಅವಳಿಗೆ ನಗು ಬಂತು, ನಗು ಮುಗಿಯುವ ಮೊದಲೇ ಅಳು ಬಂತು, ಎರಡರ ನಡುವೆ ಅವನ ಬೆನ್ನಿಗೆ ಒಂದು ಗುದ್ದಿದಳು. "ಮಂಕುದಿಣ್ಣೆ. ನಾನೊಬ್ಬಳಾದ್ರೂ ತಪ್ಪಿಸ್ಕೊಂಡು ಮನೇಲಿ ಹಾಯಾಗಿದ್ದೆ. ನೀನು ಯಾಕೋ ಕಳ್ಕೊಂಡೆ?"

ಮೇಷ್ಟ್ರು ಎಂಟು ವರ್ಷದವರ ಹಾಗೆಯೇ ಗೊಳೋ ಎಂದು ಅತ್ತರು. ಅಷ್ಟೂ ಜನ ನಿಂತಿದ್ದಾರೆಂಬ ಸಂಕೋಚವೂ ಅವರಿಗಿರಲಿಲ್ಲ. ಅಕ್ಕ ತನ್ನ ಸೆರಗಿನಿಂದಲೇ ಅವರ ಮೂಗಿನ ಪುಡಿ ಒರೆಸಿದಳು.

"ನಾಳೆ ಹೋಗೋಣ ನಡಿ. ಈಗ ಅಲ್ಲಿಗೆ ರೈಲಿದೆ, ರೈಲಲ್ಲಿ ನನಗೆ ಏನೂ ಆಗಲ್ಲ."

"ನಾಳೇನಾ? ಈ ವಯಸ್ಸಲ್ಲಿ ಅಷ್ಟು ದೂರ ಹೋಗಿ, ಆಮೇಲೆ ಅಲ್ಲಿ..."

"ಅಲ್ಲಿ ಏನು? ಇಳೀದೆ ಕೂತ್ಕೋತೀಯಾ? ಈ ಸಲ ಕೈ ಹಿಡಿದು ಇಳಿಸೋಕೆ ನಾನಿರ್ತೀನಲ್ಲೋ."

ಮೇಷ್ಟ್ರು ಹೂಂ ಎಂದರು. ಹೆಂಡತಿ ಕಣ್ಣೊರೆಸಿಕೊಂಡು ಚೀಲ ತುಂಬಲು ಒಳಗೆ ಹೋದರು.